ದಾನಪತ್ರದಲ್ಲಿ ಇರಬೇಕಾದ ಸಾಲು

ಸಕಲೇಶಪುರದ ಹೆತ್ತೂರು, ಯಸಳೂರು ಕಡೆ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಇಡೀ ಕಾಫಿ ತೋಟವೇ ಇರುತ್ತದೆ. ಮುದುಕರನ್ನು ಗದರಿದ ದನಿ ಬೇಲಿ ದಾಟುವುದಿಲ್ಲ. ಹೋದವರು ಕಣ್ಣಿಟ್ಟು ನೋಡಿದರೆ ಮಾತ್ರ ತಿಳಿದೀತು: ಪಿಂಚಣಿ ಬಂದ ದಿನವೇ ಬೇರೆಯವರ ಕೈಸೇರುತ್ತದೆ, ಬಿಪಿ ಮಾತ್ರೆ ನಿಂತು ತಿಂಗಳಾಗಿರುತ್ತದೆ, ಏನು ಕೇಳಿದರೂ ಅಜ್ಜಿ ಮೊದಲು ಮಗನ ಮುಖ ನೋಡುತ್ತಾರೆ. "ವಯಸ್ಸಾಯ್ತಲ್ಲ, ಬಿದ್ದುಬಿಟ್ರು" ಅನ್ನುವ ಉತ್ತರ ಮೂರನೇ ಸಲ ಕೇಳಿಬಂದಾಗ ಆಶಾ ಕಾರ್ಯಕರ್ತೆಯೋ ಅಂಚೆಯವರೋ ಅದನ್ನು ನಂಬಿ ಹಿಂತಿರುಗಬಾರದು.

ಎಷ್ಟೋ ಮನೆಗಳಲ್ಲಿ ಈ ಕಿರುಕುಳ ಶುರುವಾಗುವುದೇ ತೋಟದ ಖಾತೆ ಬದಲಾದ ಮೇಲೆ. ಮಗನ ಮೇಲಿನ ನಂಬಿಕೆಯಿಂದ ಅಪ್ಪ ದಾನಪತ್ರಕ್ಕೆ ಹೆಬ್ಬೆಟ್ಟು ಒತ್ತಿರುತ್ತಾರೆ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆಯ 23ನೇ ಕಲಮಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ಮಾತು ತಪ್ಪಿದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ಷರತ್ತು ಇತ್ತೆಂದು ತೋರಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯಲ್ಲಿ ಅದೇ ಕೋರ್ಟ್ ಕಾಯ್ದೆಯನ್ನು ಉದಾರವಾಗಿ ಓದಿ ಮಧ್ಯಪ್ರದೇಶದ ತಾಯಿಯೊಬ್ಬರಿಗೆ ಆಸ್ತಿ ಮರಳಿಸಿತು. ಆ ತಾಯಿಯ ಪರವಾಗಿಯೂ ನಿಂತದ್ದು ದಾನಪತ್ರದ ಮಾತು ಮತ್ತು ಮಗ ಬರೆದುಕೊಟ್ಟ ವಚನಪತ್ರ. ಬಾಯಿಮಾತಿನ ಭರವಸೆಯೊಂದನ್ನೇ ನಂಬಿ ತೋಟ ಬಿಟ್ಟುಕೊಟ್ಟವರ ದಾರಿ ಇಷ್ಟು ಸುಲಭವಲ್ಲ.

ಈ ಕಾಯ್ದೆಯಡಿ ಇಲ್ಲಿನವರ ದೂರು ಕೇಳುವ ನ್ಯಾಯಮಂಡಳಿ ಹಾಸನದಲ್ಲೋ ಬೆಂಗಳೂರಿನಲ್ಲೋ ಇಲ್ಲ. ಸಕಲೇಶಪುರದ ಉಪವಿಭಾಗಾಧಿಕಾರಿ (ಎಸಿ) ಕಚೇರಿಯಲ್ಲೇ ಇದೆ, ಆಲೂರಿನವರಿಗೂ ಅದೇ. ಅಲ್ಲಿಗೆ ಬರಲಾಗದವರ ಪರವಾಗಿ ಅವರು ಒಪ್ಪಿ ಕಳಿಸಿದವರು ಅರ್ಜಿ ಕೊಡಬಹುದು. ಯಾರೂ ಕೊಡದಿದ್ದರೂ ನ್ಯಾಯಮಂಡಳಿ ತಾನಾಗಿ ಕೈಗೆತ್ತಿಕೊಳ್ಳಬಹುದು. ಹಿರಿಯರನ್ನು ತೊರೆದುಬಿಟ್ಟರೆ ಮೂರು ತಿಂಗಳವರೆಗೆ ಸೆರೆವಾಸವೂ ಉಂಟು. 14567ಕ್ಕೆ ಕರೆ ಮಾಡಿದರೆ ಹಿರಿಯರ ಸಹಾಯವಾಣಿ ಸಿಗುತ್ತದೆ.

ಆದರೂ ಹೆಚ್ಚಿನವರು ದೂರು ಕೊಡುವುದಿಲ್ಲ. "ಮಗನ ಮಾನ ಬೀದಿಗೆ ಬರುತ್ತೆ" ಎನ್ನುತ್ತಾರೆ. ಆ ಮಾತಿನಲ್ಲಿರುವ ಪ್ರೀತಿಯನ್ನು ನಾನು ಹಗುರ ಮಾಡಲಾರೆ. ಅದೇ ಪ್ರೀತಿಯನ್ನು ಗುರಾಣಿ ಮಾಡಿಕೊಂಡವರನ್ನು ಕ್ಷಮಿಸಲಾರೆ. ಅದಕ್ಕೇ ಜಗಳ ಹುಟ್ಟುವ ಮೊದಲೇ, ಪತ್ರ ಬರೆಯುವ ಹೊತ್ತಿನಲ್ಲೇ ಈ ಮಾತು ಬರಬೇಕು. "ಕೊನೆಯವರೆಗೆ ಊಟ, ವಸತಿ, ಔಷಧಿ ಕೊಟ್ಟು ನೋಡಿಕೊಳ್ಳತಕ್ಕದ್ದು" ಎಂಬ ಸಾಲು ಬೇಕೇ ಎಂದು ಪತ್ರ ಬರಹಗಾರರು ಹಿರಿಯರನ್ನೇ, ಮಕ್ಕಳನ್ನು ಹೊರಗೆ ಕೂರಿಸಿ, ಕೇಳಲಿ.