ಸಕ್ಕರೆಯೋ, ಕೃತಕ ಸಿಹಿಯೋ?

ಸವದತ್ತಿ ತಾಲೂಕಿನ ಹೂಲಿಯ ಆಸುಪಾಸಿನಲ್ಲಿ ಸಕ್ಕರೆ ಬರಿಯ ರುಚಿಯಲ್ಲ, ಜೀವನೋಪಾಯವೂ ಹೌದು. ಇದೇ ತಾಲೂಕಿನ ಮುನವಳ್ಳಿಯಲ್ಲಿ ಸಕ್ಕರೆ ಕಾರ್ಖಾನೆಯಿದೆ. ಬೆಳಗಾವಿಯ ಕುಂದಾ, ಗೋಕಾಕದ ಕರದಂಟು ಈ ಸೀಮೆಯ ಹೆಮ್ಮೆ. ಇಂತಹ ಕಡೆ ತೂಕ ಇಳಿಸಬಯಸುವವರು ಚಹಾಕ್ಕೆ ಕೃತಕ ಸಿಹಿಯ ಗುಳಿಗೆ ಹಾಕಿ ನಿಶ್ಚಿಂತರಾಗುತ್ತಿದ್ದಾರೆ. ಆ ನಿಶ್ಚಿಂತೆಗೆ ಆಧಾರವಿದೆಯೇ?

ತೂಕ ನಿಯಂತ್ರಣಕ್ಕಾಗಿ ಇಂತಹ ಸಿಹಿಕಾರಕಗಳನ್ನು ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ ತಿಂಗಳಲ್ಲಿ ಸಲಹೆ ನೀಡಿತು. ದೀರ್ಘಕಾಲದಲ್ಲಿ ಅವುಗಳಿಂದ ದೇಹದ ಕೊಬ್ಬು ಇಳಿಯುವುದು ಕಂಡುಬಂದಿಲ್ಲವೆಂಬುದು ಅದರ ಕಾರಣ. ಈಗಾಗಲೇ ಮಧುಮೇಹವಿರುವವರಿಗೆ ಈ ಸಲಹೆ ಅನ್ವಯಿಸದು. ಅವರು ವೈದ್ಯರ ಮಾತನ್ನೇ ಪಾಲಿಸಬೇಕು.

ಹಾಗೆಂದು ಸಕ್ಕರೆ ನಿರ್ದೋಷಿಯಲ್ಲ. ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಆರು ಚಮಚದೊಳಗೆ ನಿಲ್ಲಿಸುವುದು ಲೇಸೆಂದು ಅದೇ ಸಂಸ್ಥೆ 2015ರಲ್ಲಿ ಹೇಳಿತ್ತು. ನಾಲ್ಕು ಕಪ್ ಚಹಾಕ್ಕೆ ಎರಡೆರಡು ಚಮಚವೆಂದರೆ ಎಂಟಾಯಿತು. ಬಿಸ್ಕತ್ತು, ಶರಬತ್ತು ಬೇರೆ. ಬೆಲ್ಲದ ಕ್ಯಾಲರಿಯೂ ಹೆಚ್ಚುಕಡಿಮೆ ಅಷ್ಟೇ. ಚಹಾಕ್ಕೆ ಗುಳಿಗೆ ಹಾಕಿದ ಧೈರ್ಯದಲ್ಲಿ ಎರಡನೆಯ ಬಟ್ಟಲು ಶೀರ್‌ಖುರ್ಮಾ ಸೇವಿಸಿದರೆ ಉಳಿತಾಯವೆಲ್ಲ ಅಲ್ಲಿಗೇ ಮುಗಿಯಿತು.

ತಿದ್ದಬೇಕಾದುದು ನಾಲಿಗೆಯನ್ನು. ಹದಿನೈದು ದಿನಕ್ಕೊಮ್ಮೆ ಅರ್ಧ ಚಮಚ ಕಡಿಮೆ ಮಾಡುತ್ತ ಬಂದರೆ ರುಚಿ ತಾನಾಗಿ ಒಗ್ಗುತ್ತದೆ. ಇದು ಒಬ್ಬರ ವ್ರತವಾಗದೆ ಇಡೀ ಮನೆಯ ರೂಢಿಯಾಗಲಿ. ಮಕ್ಕಳ ಅಭ್ಯಾಸ ರೂಪುಗೊಳ್ಳುವುದು ಅಲ್ಲಿಯೇ. ನಮ್ಮಲ್ಲಿ ಸಿಹಿ ಹೆಚ್ಚಿದಷ್ಟೂ ಮರ್ಯಾದೆ ಹೆಚ್ಚೆಂಬ ಭಾವನೆಯಿದೆ. ‘ಸಕ್ಕರೆ ಎಷ್ಟು ಹಾಕಲಿ?’ ಎಂದು ಅತಿಥಿಯನ್ನು ಕೇಳುವುದು ಜಿಪುಣತನವಲ್ಲ, ಅದು ಅವರ ಆರೋಗ್ಯಕ್ಕೆ ಸಲ್ಲಿಸುವ ಗೌರವ.