ಬಹುಮತವೂ ಒಂಟಿ ದೂರೂ

ತಂತ್ರಾಂಶವನ್ನು ಬಳಸತಕ್ಕವರ ಅಭಿಪ್ರಾಯವನ್ನು ಕೇಳಿಯೇ ಅದನ್ನು ತಿದ್ದಬೇಕೆಂಬ ಮಾತು ಈಗ ಎಲ್ಲ ಕಂಪೆನಿಗಳ ಬಾಯಲ್ಲಿಯೂ ಇದೆ. ತತ್ತ್ವವು ಸರಿಯಾದುದೇ. ಆದರೆ ಕೇಳಿದುದನ್ನು ತೂಗುವ ತಕ್ಕಡಿ ಯಾವುದು? ಈ ವಿಷಯದಲ್ಲಿ 2018ನೆಯ ಇಸವಿಯಲ್ಲಿ ಮೈಕ್ರೋಸಾಫ್ಟ್ ಕಂಪೆನಿಯವರಿಗೆ ಒದಗಿದ ಪ್ರಸಂಗವನ್ನು ನಮ್ಮ ವಾಚಕರು, ಅದರಲ್ಲಿಯೂ ಅರ್ಜಿ ಅಹವಾಲುಗಳನ್ನು ನಿತ್ಯವೂ ನೋಡತಕ್ಕ ಅಧಿಕಾರಿಗಳು, ಲಕ್ಷ್ಯವಿಟ್ಟು ಪರಿಶೀಲಿಸಬೇಕು.

2012ರಲ್ಲಿ ಈ ಕಂಪೆನಿಯವರು ವಿಂಡೋಸ್ 8ನ್ನು ಹೊರಡಿಸಿ, ಜನರಿಗೆ ಹದಿನೇಳು ವರ್ಷ ರೂಢಿಯಾಗಿದ್ದ ಸ್ಟಾರ್ಟ್ ಗುಂಡಿಯನ್ನು ತೆಗೆದುಹಾಕಿ, ಬಹಳ ಅಸಮಾಧಾನಕ್ಕೆ ಗುರಿಯಾದರು. 2014ರಲ್ಲಿ ಅವರು 'ಇನ್‌ಸೈಡರ್' ಎಂಬ ಏರ್ಪಾಡನ್ನು ಮಾಡಿದರು. ಇಷ್ಟವುಳ್ಳವರು ಅಪೂರ್ಣವಾದ ಆವೃತ್ತಿಯನ್ನು ತಮ್ಮ ಯಂತ್ರಗಳಲ್ಲಿ ನಡೆಯಿಸಿ, ಕಂಡ ದೋಷಗಳನ್ನು ಬರೆದು ತಿಳಿಸತಕ್ಕದ್ದು. ಅದೇ ದೋಷವನ್ನು ಕಂಡ ಇತರರು ಅದಕ್ಕೆ ಮತ ಹಾಕತಕ್ಕದ್ದು. ಮತ ಹೆಚ್ಚಿದ ದೂರು ಮೇಲೇರುತ್ತಿತ್ತು.

2018ರ ಅಕ್ಟೋಬರ್ 2ರಂದು ವಿಂಡೋಸ್ 10ರ ಹೊಸ ಆವೃತ್ತಿಯು ಹೊರಬಿತ್ತು. ಅದನ್ನು ಹಾಕಿಕೊಂಡ ಕೆಲವರ ಕಾಗದಪತ್ರಗಳು, ಚಿತ್ರಗಳು ಯಂತ್ರದಿಂದ ಮಾಯವಾದವು. ನಾಲ್ಕೈದು ದಿನಗಳೊಳಗಾಗಿ ಕಂಪೆನಿಯವರು ಹಂಚಿಕೆಯನ್ನು ನಿಲ್ಲಿಸಿದರು. ನಷ್ಟದ ದೂರು ಬಂದದ್ದು ಹತ್ತು ಸಾವಿರಕ್ಕೆ ಒಂದರಷ್ಟು ಮಾತ್ರವೆಂದು ಅವರು ಹೇಳಿದರು. ಕಳೆದುಕೊಂಡ ಆ ಒಬ್ಬನಿಗೆ ಈ ಲೆಕ್ಕದಿಂದ ಏನು ಸಮಾಧಾನ?

ವಿಚಿತ್ರವೆಂದರೆ, ಈ ಅನರ್ಥವು ಹುಟ್ಟಿದ್ದೂ ಬಳಕೆದಾರರ ಮಾತನ್ನು ಕೇಳಿದುದರಿಂದಲೇ. ಡಾಕ್ಯುಮೆಂಟ್ಸ್ ಮುಂತಾದ ಫೋಲ್ಡರುಗಳನ್ನು ಬೇರೊಂದು ಡ್ರೈವಿಗೆ ವರ್ಗಾಯಿಸಿಕೊಂಡಿದ್ದವರ ಯಂತ್ರಗಳಲ್ಲಿ, ಹಿಂದಿನ ಆವೃತ್ತಿಯು ಅದೇ ಹೆಸರಿನ ಬರಿದಾದ ಫೋಲ್ಡರುಗಳನ್ನು ಉಂಟುಮಾಡುತ್ತಿತ್ತು. ಇವು ತೊಡಕೆಂದು ಜನರು ದೂರಿದರು. ಬರಿದಾದವನ್ನು ಅಳಿಸುವ ವಿಧಾನವನ್ನು ಕಂಪೆನಿಯವರು ಸೇರಿಸಿದರು. ಅದು ಹಳೆಯ ಸ್ಥಳದಲ್ಲಿದ್ದ ತುಂಬಿದ ಫೋಲ್ಡರುಗಳನ್ನೂ ಅಳಿಸಿತು. ಕಸವೆಂದು ಗುಡಿಸಿದ ಪೊರಕೆಯು ದಫ್ತರವನ್ನೂ ಎತ್ತಿಹಾಕಿದಂತಾಯಿತು. ಈ ನಷ್ಟವನ್ನು ಬಿಡುಗಡೆಗೆ ಮೊದಲೇ ಕೆಲವು ಇನ್‌ಸೈಡರುಗಳು ಬರೆದು ತಿಳಿಸಿದ್ದರು. ಮತಗಳು ಬೀಳಲಿಲ್ಲ; ಆದುದರಿಂದ ಅವು ಯಾರ ಕಣ್ಣಿಗೂ ಬೀಳಲಿಲ್ಲ.

ಗುಂಡಿಯು ಎಡಗಡೆಯಲ್ಲಿರಬೇಕೆ ಬಲಗಡೆಯಲ್ಲಿರಬೇಕೆ ಎಂಬುದನ್ನು ಮತ ಎಣಿಸಿ ನಿರ್ಣಯಿಸುವುದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಆದರೆ ಹಾನಿಯೆಂಬುದು ಎಣಿಕೆಗೆ ಒಳಪಡತಕ್ಕುದಲ್ಲ. ಅಪರೂಪದ ರೀತಿಯಲ್ಲಿ ಯಂತ್ರವನ್ನು ಬಳಸತಕ್ಕವನಿಗೆ ಮತದಲ್ಲಿ ಜೊತೆಗಾರರು ಸಿಕ್ಕುವುದು ಹೇಗೆ? ಯಂತ್ರದ ಮೇಲೆ ಕನ್ನಡವನ್ನು ಬರೆಯತಕ್ಕವರೂ ಇದೇ ಪಂಕ್ತಿಯವರು. ನಮ್ಮ ಒತ್ತಕ್ಷರವೊಂದು ಒಡೆದು ಬಂದರೆ, ಕೋಟ್ಯಂತರ ಇಂಗ್ಲಿಷ್ ಬಳಕೆದಾರರ ದೂರುಗಳ ನಡುವೆ ಅದು ಯಾವ ಪುಟದ ತಳದಲ್ಲಿ ಬಿದ್ದಿರಬಹುದೆಂಬುದನ್ನು ವಾಚಕರೇ ಊಹಿಸಬಲ್ಲರು.

ಅನಂತರ ಕಂಪೆನಿಯವರು ದೂರಿನೊಡನೆ ಅದರ ತೀವ್ರತೆಯನ್ನೂ ಸೂಚಿಸುವ ಅವಕಾಶವನ್ನು ಕಲ್ಪಿಸಿದರು. ಒಳ್ಳೆಯದೇ, ಆದರೆ ತನ್ನ ದೂರು ಘೋರವೆಂದು ಬರೆಯದವನಾರು? ಬಂದುದನ್ನು ಓದಿ, ಒಂದೇ ಒಂದು ದೂರಿನ ಆಧಾರದ ಮೇಲೆ ಬಿಡುಗಡೆಯನ್ನು ತಡೆಯುವ ಅಧಿಕಾರವುಳ್ಳ ನೌಕರನೊಬ್ಬನು ಬೇಕು. ಅಂತಹವನಿಗೆ ಸಂಬಳ ಕೊಡಬೇಕಾಗುತ್ತದೆ. ಮತ ಹಾಕುವ ಸ್ವಯಂಸೇವಕರಿಗೆ ಕೊಡಬೇಕಾಗಿಲ್ಲ. ಈ ವ್ಯತ್ಯಾಸವೇ ಇಲ್ಲಿ ಮುಖ್ಯವಾದುದೆಂದು ನಮಗೆ ತೋರುತ್ತದೆ. ತಿದ್ದಿದ ಆವೃತ್ತಿಯು ನವೆಂಬರ್ 13ರಂದು ಮತ್ತೆ ಹೊರಬಿತ್ತು.