ಹತ್ತು ವಾಕ್ಯ ಬಾಯಿಪಾಠ ಮಾಡಿದರೆ ಪರದೇಶದಲ್ಲಿ ಮಾತು ನಡೆಯುತ್ತದೆಯೇ?

ಯಾವ ದೇಶಕ್ಕೆ ಹೋದರೂ ಅಲ್ಲಿನ ಭಾಷೆಯ ಹತ್ತು ವಾಕ್ಯ ಕಲಿತರೆ ಸಾಕು ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಯುರೋಪಿನ ಪುಟ್ಟ ದೇಶ ಸ್ಲೊವೇನಿಯಾಕ್ಕೆ ಹೊರಟವರಿಗೂ ಇದೇ ಸಲಹೆ ಸಿಗುತ್ತದೆ: ನಮಸ್ಕಾರಕ್ಕೆ 'ದೋಬೆರ್ ದಾನ್', ಧನ್ಯವಾದಕ್ಕೆ 'ಹ್ವಾಲಾ', ದಯವಿಟ್ಟು ಎನ್ನಲು 'ಪ್ರೋಸಿಮ್'. ಇಷ್ಟು ಗೊತ್ತಿದ್ದರೆ ಕೆಲಸ ಆಗುತ್ತದೆಯೇ? ಇದನ್ನು ಪರೀಕ್ಷಿಸಲು ವಿಮಾನ ಹತ್ತಬೇಕಿಲ್ಲ. ನಮ್ಮ ಗಂಗಾವತಿ ತಾಲ್ಲೂಕಿನ ಆನೆಗೊಂದಿ, ಸಣಾಪುರದ ಕಡೆ ಹೋದರೆ ಸಾಕು. ಅಲ್ಲಿಗೆ ಬರುವ ಪ್ರವಾಸಿಗರಿಗೆ ನಮ್ಮ ಕನ್ನಡವೇ ಪರಭಾಷೆ.

ಪ್ರಶ್ನೆ ಸುಲಭ, ಉತ್ತರ ಕಷ್ಟ

ಒಬ್ಬ ವಿದೇಶಿ ಪ್ರವಾಸಿ ಪುಸ್ತಕ ನೋಡಿ 'ಇದರ ಬೆಲೆ ಎಷ್ಟು?' ಎಂದು ಕಲಿತು ಬಂದಿದ್ದಾನೆ ಎಂದುಕೊಳ್ಳಿ. ಅಂಜನಾದ್ರಿ ಬೆಟ್ಟದ ಕೆಳಗೆ ಎಳನೀರು ಮಾರುವವರ ಬಳಿ ಅದನ್ನೇ ಕೇಳುತ್ತಾನೆ. 'ನಲವತ್ತ್ರಿ. ಬರೀ ನೀರಿಂದ ಕೊಡ್ಲೋ, ಕೊಬ್ಬರಿ ಇರೋದು ಕೊಡ್ಲೋ?' ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಅವನ ಕನ್ನಡ ಮುಗಿಯಿತು. ಅವನು ಪ್ರಶ್ನೆಯನ್ನು ಕಲಿತಿದ್ದ, ಉತ್ತರವನ್ನು ಕಲಿತಿರಲಿಲ್ಲ.

ವಾಕ್ಯ ಚೆನ್ನಾಗಿ ಹೇಳಿದಷ್ಟೂ ತೊಂದರೆ ಹೆಚ್ಚು. ಉಚ್ಚಾರಣೆ ಸರಿಯಾಗಿದ್ದರೆ ಎದುರಿನವರು 'ಇವರಿಗೆ ಭಾಷೆ ಬರುತ್ತದೆ' ಎಂದುಕೊಂಡು ತಮ್ಮ ಮಾಮೂಲಿ ವೇಗದಲ್ಲೇ ಮಾತಾಡುತ್ತಾರೆ. ಬಾಯಿಪಾಠ ಮಾಡಿದ ವಾಕ್ಯ ಬಾಗಿಲು ತೆರೆಯುತ್ತದೆ, ಒಳಗೆ ನಡೆಸುವುದಿಲ್ಲ.

ಸ್ಲೊವೀನ್ ಭಾಷೆಯಲ್ಲಿ ಈ ತೊಡಕು ಬೆಲೆ ಕೇಳಿದ ಕೂಡಲೇ ಎದುರಾಗುತ್ತದೆ. ದ್ವಾ, ತ್ರಿ, ಶ್ತಿರಿ ಎಂಬ ಅಂಕಿಗಳು ಸಂಸ್ಕೃತದ ದ್ವಿ, ತ್ರಿ, ಚತುರ್‌ಗೆ ದೂರದ ನೆಂಟರಾದ್ದರಿಂದ ನಮಗೆ ನೆನಪಿಡಲು ಸುಲಭ. ಆದರೆ 25 ಎನ್ನಲು ಅವರು 'ಐದು ಮತ್ತು ಇಪ್ಪತ್ತು' ಎನ್ನುತ್ತಾರೆ: 'ಪೇತಿನ್‌ದ್ವಾಯ್‌ಸೆತ್'. ಇಪ್ಪತ್ತನ್ನು ಮೊದಲು ಕೇಳಿ ರೂಢಿಯಾದ ಕನ್ನಡದ ಕಿವಿಗೆ ಮೊದಲು ಬೀಳುವುದು ಐದು. ಎರಡರ ಲೆಕ್ಕವೂ ಬೇರೆ. ನಾವು ಸಂಸ್ಕೃತ ಪಾಠದಲ್ಲಿ ಓದಿದ ದ್ವಿವಚನ ಅಲ್ಲಿ ದಿನಬಳಕೆಯಲ್ಲಿದೆ. ಒಂದು ಕಾಫಿ 'ಏನಾ ಕಾವಾ', ಎರಡು ಕಾಫಿ 'ದ್ವೇ ಕಾವಿ', ಮೂರು 'ತ್ರಿ ಕಾವೆ', ಐದು 'ಪೇತ್ ಕಾವ್'. ತಪ್ಪು ಹೇಳಿದರೂ ಕಾಫಿ ಸಿಗುತ್ತದೆ, ಚಿಂತೆ ಬೇಡ. ಆದರೆ ಕೇಳಿದ ಪದ ಗುರುತಿಗೆ ಸಿಗದೆ ಹೋಗಬಹುದು.

ಪುಸ್ತಕದ ಮಾತು, ಊರಿನ ಮಾತು

ಎರಡನೆಯ ತಪ್ಪು ಕಲ್ಪನೆ, ಪ್ರತಿ ಪದಕ್ಕೂ ಇನ್ನೊಂದು ಭಾಷೆಯಲ್ಲಿ ಒಂದು ಸಮಾನ ಪದ ಇದ್ದೇ ಇರುತ್ತದೆ ಎಂಬುದು. ಕುಷ್ಟಗಿಯ ಸಂತೆಯಲ್ಲೋ ಯಲಬುರ್ಗಾದ ಬಸ್ ನಿಲ್ದಾಣದಲ್ಲೋ 'ದಯವಿಟ್ಟು ನೀರು ಕೊಡಿ, ಧನ್ಯವಾದಗಳು' ಎಂದು ಮಾತಾಡುವವರು ಎಷ್ಟು ಮಂದಿ? 'ನೀರು ಕೊಡ್ರಿ' ಎಂದರೆ ಮುಗಿಯಿತು. ದಯವಿಟ್ಟು ಎಂಬುದರ ಕೆಲಸವನ್ನು ಆ ಪುಟ್ಟ 'ರಿ' ಮಾಡುತ್ತದೆ. ಹೌದ್ರಿ, ಬ್ಯಾಡ್ರಿ, ಬರ್ರಿ, ಎಲ್ಲೈತ್ರಿ: ಈ 'ರಿ' ಒಂದನ್ನು ಹಿಡಿದರೆ ಕೊಪ್ಪಳ ಸೀಮೆಯಲ್ಲಿ ಮರ್ಯಾದೆಯ ಅರ್ಧ ಪಾಠ ಮುಗಿದಂತೆ. ಹೊರಗಿನವರಿಗೆಂದು ಬರೆದ ಕನ್ನಡ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಬೆಂಗಳೂರು, ಮೈಸೂರು ಕಡೆಯ ಕನ್ನಡ.

ಸ್ಲೊವೀನ್‌ನಲ್ಲೂ ನೀನು ಎನ್ನಲು 'ತಿ', ನೀವು ಎನ್ನಲು 'ವಿ' ಇವೆ. ಗೆಳೆಯನಿಗೆ 'ಕಾಕೊ ಸಿ?' ಎಂದು ಕ್ಷೇಮ ಕೇಳಬಹುದು. ಅಪರಿಚಿತರಿಗೆ, ಹಿರಿಯರಿಗೆ 'ಕಾಕೊ ಸ್ತೇ?' ಎನ್ನಬೇಕು. ಇಂಗ್ಲಿಷ್‌ನ ಒಂದೇ 'ಯೂ' ಬಳಸಿ ಬಂದವರಿಗಿಂತ ಇದು ಕನ್ನಡಿಗರಿಗೆ ಬೇಗ ಅರ್ಥವಾಗುತ್ತದೆ. 'ಪ್ರೋಸಿಮ್' ಎಂಬ ಒಂದೇ ಪದ ಸಂದರ್ಭಕ್ಕೆ ತಕ್ಕಂತೆ ದಯವಿಟ್ಟು, ಪರವಾಗಿಲ್ಲ, ಏನಂದಿರಿ ಎಂಬೆಲ್ಲ ಅರ್ಥ ಕೊಡುತ್ತದೆ.

ವಯಸ್ಸಾದ ಮೇಲೆ ಭಾಷೆ ಹತ್ತುವುದಿಲ್ಲವೇ?

ಇದು ಮೂರನೆಯ ನಂಬಿಕೆ. ನೆದರ್ಲ್ಯಾಂಡ್ಸ್‌ನಲ್ಲಿ ಡಚ್ ಕಲಿಯುತ್ತಿದ್ದ ಇಂಗ್ಲಿಷ್ ಭಾಷಿಕರ ಬಗ್ಗೆ 1978ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೊದಲ ತಿಂಗಳುಗಳಲ್ಲಿ ಹದಿಹರೆಯದವರು ಮತ್ತು ದೊಡ್ಡವರೇ ಚಿಕ್ಕ ಮಕ್ಕಳಿಗಿಂತ ವೇಗವಾಗಿ ಕಲಿತಿದ್ದರು. ದೀರ್ಘಾವಧಿಯಲ್ಲಿ, ಮುಖ್ಯವಾಗಿ ಉಚ್ಚಾರಣೆಯಲ್ಲಿ, ಮಕ್ಕಳಿಗೆ ಮೇಲುಗೈ. ಹತ್ತಾರು ವಾಕ್ಯ ಕಲಿಯಲು ವಯಸ್ಸು ಅಡ್ಡಿಯಲ್ಲ.

ಇದಕ್ಕೆ ಪುರಾವೆ ನಮ್ಮಲ್ಲೇ ಇದೆ. ತುಂಗಭದ್ರೆಯ ಆಚೆ ದಡದಲ್ಲಿ ಹಂಪಿ ಇರುವ ವಿರೂಪಾಪುರ ಗಡ್ಡೆಯಲ್ಲಿ ಒಂದು ಕಾಲಕ್ಕೆ ಇಸ್ರೇಲಿ ಪ್ರವಾಸಿಗರಿಗಾಗಿ ಹೀಬ್ರೂ ಬೋರ್ಡುಗಳೇ ಇದ್ದವು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಲ್ಲಿನ ಅಕ್ರಮ ರೆಸಾರ್ಟ್‌ಗಳನ್ನು ತೆರವು ಮಾಡಲಾಯಿತು. ಅಲ್ಲಿ ವ್ಯಾಪಾರ ಮಾಡಿಕೊಂಡಿದ್ದವರು ಯಾವ ಕೋರ್ಸಿಗೂ ಸೇರದೆ 'ಶಾಲೋಮ್' ಎನ್ನಲು, ಗಿರಾಕಿಯ ಮಾತು ಹಿಡಿಯಲು ಕಲಿತಿದ್ದರು. ದಿನಾ ಕೇಳಿದ್ದು, ದಿನಾ ಬಳಸಿದ್ದು, ತಪ್ಪಾದರೆ ಅಲ್ಲೇ ತಿದ್ದಿಕೊಂಡಿದ್ದು ಅವರ ಪಾಠ.

ಇದರ ಹಿಂದೆ ವಿಜ್ಞಾನವೂ ಇದೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ನಡೆಸಿದ ಪ್ರಯೋಗದಲ್ಲಿ, ಓದಿದ್ದನ್ನೇ ಮತ್ತೆ ಓದಿದವರಿಗೆ ಐದು ನಿಮಿಷದ ನಂತರ ಹೆಚ್ಚು ನೆನಪಿತ್ತು. ವಾರದ ನಂತರ ನೋಡಿದಾಗ, ಪುಸ್ತಕ ಮುಚ್ಚಿ ನೆನಪಿಸಿಕೊಂಡಿದ್ದವರೇ ಮುಂದಿದ್ದರು. ಹಾಗಾಗಿ ಹೊರಡುವ ಹಿಂದಿನ ರಾತ್ರಿ ಪಟ್ಟಿಯನ್ನು ಇಪ್ಪತ್ತು ಸಲ ಓದಬೇಡಿ. ಎರಡು ವಾರ ಮೊದಲಿನಿಂದ ದಿನಕ್ಕೆ ಹತ್ತು ನಿಮಿಷ ಪಟ್ಟಿ ಮುಚ್ಚಿಟ್ಟು ನೆನಪಿಸಿಕೊಳ್ಳಿ.

ಮೊದಲು ಯಾವುದನ್ನು ಕಲಿಯಬೇಕು?

ಸಣಾಪುರದ ಬಳಿ ಪ್ರವಾಸಿಗರು ನೀರುಪಾಲಾದ ಸುದ್ದಿಗಳನ್ನು ನಾವು ಓದಿದ್ದೇವೆ. ದಡದಲ್ಲಿ ನಿಂತ ದನಗಾಹಿಯೊಬ್ಬರು 'ಇಳಿಬ್ಯಾಡ್ರಿ, ಸೆಳವು ಐತಿ' ಎಂದು ಕೂಗಿದರೆ, 'ನಮಸ್ಕಾರ' ಮಾತ್ರ ಕಲಿತವನಿಗೆ ಅದು ಬರೀ ಸದ್ದು. 'ಬ್ಯಾಡ' ಎಂಬ ಒಂದು ಪದ ಗೊತ್ತಿದ್ದರೂ ಅವನ ಹೆಜ್ಜೆ ನಿಂತೀತು.

ನಾವು ಪ್ರಯಾಣಿಕರಾದಾಗಲೂ ಇದೇ ಅನ್ವಯಿಸುತ್ತದೆ. ಆಡುವ ವಾಕ್ಯಗಳಿಗಿಂತ ಮೊದಲು, ಕೇಳಿ ಗುರುತಿಸಬೇಕಾದ ಪದಗಳನ್ನು ಕಲಿಯಿರಿ. ಸ್ಲೊವೀನ್‌ನಲ್ಲಿ 'ಪೊಜ಼ೋರ್' ಎಂದರೆ ಎಚ್ಚರ, 'ನೆವಾರ್ನೊ' ಎಂದರೆ ಅಪಾಯಕಾರಿ, 'ಪ್ರೆಪೊವೇದಾನೊ' ಎಂದರೆ ನಿಷಿದ್ಧ. ಹೌದು, ಇಲ್ಲ ಎನ್ನಲು 'ದಾ' ಮತ್ತು 'ನೇ', ಎಡ ಬಲಕ್ಕೆ 'ಲೇವೊ' ಮತ್ತು 'ದೇಸ್ನೊ'. ನಂತರ ಅಂಕಿಗಳು. ಆಮೇಲೆ ಮಾತು ಕೈಕೊಟ್ಟಾಗ ಬೇಕಾಗುವ ಎರಡು ವಾಕ್ಯ: 'ನೇ ರಾಜ಼ೂಮೆಮ್' (ನನಗೆ ಅರ್ಥವಾಗಲಿಲ್ಲ), 'ಪೊಚಾಸಿ, ಪ್ರೋಸಿಮ್' (ನಿಧಾನವಾಗಿ ಹೇಳಿ). ಸಹಾಯಕ್ಕೆ ಕೂಗಲು 'ನಾ ಪೊಮೋಚ್!' ತುರ್ತು ಕರೆಯ ಸಂಖ್ಯೆ ಮಾತ್ರ ಹೊಸದಾಗಿ ಕಲಿಯಬೇಕಿಲ್ಲ. ಇಲ್ಲಿಯಂತೆ ಅಲ್ಲಿಯೂ 112.

ಫೋನಿನ ಅನುವಾದ ಆ್ಯಪ್ ಇದ್ದರೆ ಇದೆಲ್ಲ ಬೇಡವಲ್ಲ ಎನ್ನಬಹುದು. ಮೆನು ಓದಲು, ವಿಳಾಸ ತೋರಿಸಲು ಅದು ನಿಜಕ್ಕೂ ಒಳ್ಳೆಯ ನೆರವು. ಆದರೆ ಯಾರೋ ಕೂಗಿ ಎಚ್ಚರಿಸಿದ ಆ ಕ್ಷಣದಲ್ಲಿ ಫೋನ್ ಜೇಬಿನಲ್ಲೇ ಇರುತ್ತದೆ.

ಹತ್ತು ವಾಕ್ಯ ಕಲಿಯುವುದು ಒಳ್ಳೆಯದೇ. ಅದರಲ್ಲಿ ಐದನ್ನಾದರೂ ಬಾಯಿಗಲ್ಲ, ಕಿವಿಗೆ ಕಲಿಸಿ. ಮುಂದಿನ ಸಲ ಆನೆಗೊಂದಿಯಲ್ಲಿ ಯಾರಾದರೂ ತಡವರಿಸಿ ಕನ್ನಡ ಆಡಿದರೆ ನಗದೆ, ಸ್ವಲ್ಪ ನಿಧಾನವಾಗಿ ಉತ್ತರ ಕೊಡಿ. ಅವರು ಕಲಿತು ಬಾರದ ಅರ್ಧ ಪಾಠ ಅದೇ.